ಬೇಲಿಯಾಚೆ ಎಷ್ಟಾಯ್ತು?

ಚಳ್ಳಕೆರೆ ಸೀಮೆಯಲ್ಲಿ ಯಾರಾದರೂ ಎದುರಾದರೆ ಊಟ-ತಿಂಡಿ ವಿಚಾರ ಆಮೇಲೆ. ಮೊದಲು ಬರುವುದು "ನಿಮ್ಮ ಕಡೆ ಎಷ್ಟಾಯ್ತು?" ಎಂಬ ಮಾತು. ಏನು ಎಷ್ಟಾಯ್ತು ಅಂತ ಯಾರೂ ಬಿಡಿಸಿ ಕೇಳುವುದಿಲ್ಲ. ಸಂತೆಯಲ್ಲಿ ಈರುಳ್ಳಿ ಚೀಲಕ್ಕೆ ಒರಗಿ ಕೂತವನನ್ನೂ ಇದನ್ನೇ ಕೇಳುತ್ತಾರೆ, ಹೆಣ್ಣು ನೋಡಲು ಬಂದ ಬೀಗರನ್ನೂ ಇದನ್ನೇ ಕೇಳುತ್ತಾರೆ. ತಿಥಿ ಊಟದ ಪಂಕ್ತಿಯಲ್ಲಿ ಪಾಯಸ ಬರುವಷ್ಟರಲ್ಲಿ ನಾಲ್ಕು ಊರಿನ ಮಳೆ ಲೆಕ್ಕ ಚುಕ್ತಾ ಆಗಿರುತ್ತದೆ. ಬೇರೆ ಕಡೆ ಮಾತಿಗೆ ಏನೂ ಸಿಗದಿದ್ದಾಗ ಜನ ಹವಾಮಾನದ ವಿಷಯ ಎತ್ತುತ್ತಾರಂತೆ. ನಮ್ಮಲ್ಲಿ ಹವಾಮಾನದ ವಿಷಯ ಮುಗಿದು ಹೊತ್ತು ಉಳಿದಿದ್ದರೆ ಉಳಿದ ವಿಷಯ.

ನಮ್ಮ ಹಿತ್ತಲಿಗೂ ಪಕ್ಕದ ಮನೆ ದೊಡ್ಡವ್ವನ ಹಿತ್ತಲಿಗೂ ನಡುವೆ ಕಳ್ಳಿ ಬೇಲಿ. ಈಚೆಗೆ ನನ್ನ ಮಳೆ ಮಾಪಕ. ಗೀಟು ಎಳೆದ ಒಂದು ಕೊಳವೆ, ಅದರ ಬಾಯಿಗೊಂದು ಆಲಿಕೆ, ಅಷ್ಟೇ. ಬೆಳಿಗ್ಗೆ 8.30ಕ್ಕೆ ನೋಡಿ ಹಳೇ ಕ್ಯಾಲೆಂಡರಿನ ಬೆನ್ನಿಗೆ ಬರೆದಿಡುವುದು ನನಗೆ ಪಿಂಚಣಿಯ ಜೊತೆಗೇ ಬಂದ ಚಟ. ಹವಾಮಾನ ಇಲಾಖೆಯವರು ದೇಶದ ತುಂಬಾ ಅಳೆಯುವುದೂ 8.30ಕ್ಕೇ ಎಂಬುದು ನನ್ನ ಜಂಬ. ಬೇಲಿಯ ಆಚೆಗೆ ದೊಡ್ಡವ್ವನ ಮಾಪಕ, ಅಂದರೆ ಅವಳ ಕುಡುಗೋಲು. ಮಳೆ ನಿಂತ ಮೇಲೆ ಹೊಲಕ್ಕೆ ಹೋಗಿ, ಅದರ ಮೊನೆಯಿಂದ ಮಣ್ಣು ಕೆದಕಿ, ಹಸಿ ಎಲ್ಲಿಗೆ ನಿಂತಿದೆ ಅಂತ ಬೆರಳಿಟ್ಟು ನೋಡಿ ಬರುತ್ತಾಳೆ. ಬಂದವಳೇ ಬೇಲಿಗೆ.

"ಏನ್ ಮೇಷ್ಟ್ರೆ, ನಿಮ್ ಡಬ್ಬಿ ಏನಂಬ್ತೈತೆ ಇವತ್ತು?"

"ಹನ್ನೆರಡು ಮಿಲಿಮೀಟರ್, ದೊಡ್ಡವ್ವ."

"ಮೀಟ್ರು ಗೀಟ್ರು ನನಗೊತ್ತಿಲ್ಲ ಕಣಪ್ಪ. ನಾಕು ಬೆಟ್ಟು ಹಸಿ. ಅದ್ರ ಕೆಳಗೆ ಒಣಾ ಬೂದಿ."

ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಚದರ ಮೀಟರ್ ನೆಲಕ್ಕೆ ಒಂದು ಲೀಟರ್ ನೀರು. ಎಕರೆಗೆ ಲೆಕ್ಕ ಹಾಕಿದರೆ 4,000 ಲೀಟರ್ ದಾಟುತ್ತದೆ. ಹನ್ನೆರಡು ಮಿಲಿಮೀಟರಿಗೆ ಸುಮಾರು 48,000 ಲೀಟರ್. ಇದನ್ನು ದೊಡ್ಡವ್ವನಿಗೆ ವಿವರಿಸಿ, ನಿನ್ನ ಹೊಲಕ್ಕೆ ಎಕರೆಗಿಷ್ಟು ನೀರು ದೇವರು ಪುಕ್ಕಟೆ ಸುರಿದಿದ್ದಾನೆ ಅಂದೆ. "ಸುರಿದದ್ದು ಸರಿ, ಈಗ ಎಲ್ಲೈತೆ ತೋರ್ಸು" ಅಂದಳು. ಅದಕ್ಕೆ ನನ್ನ ಡಬ್ಬಿಯಲ್ಲಿ ಉತ್ತರವಿಲ್ಲ. ಡಬ್ಬಿ ಹೇಳುವುದು ಬಿದ್ದ ನೀರನ್ನು. ಅವಳ ಕುಡುಗೋಲು ಹೇಳುವುದು ಉಳಿದ ನೀರನ್ನು. ಇಳಿಜಾರಿನ ಕೆಂಪು ಮಸಾರಿಯಲ್ಲಿ ದಪ್ಪ ಹನಿಯ ಮಳೆ ಅರ್ಧ ಗಂಟೆ ಹೊಡೆದರೆ ಬಹುಪಾಲು ಹಳ್ಳಕ್ಕೆ ಹೋಗುತ್ತದೆ. ಇಂಗಿದ್ದರಲ್ಲೂ ಮಾರನೇ ದಿನದ ಬಿಸಿಲು ತನ್ನ ಪಾಲು ಎತ್ತಿಕೊಳ್ಳುತ್ತದೆ. ನಮ್ಮ ಕಡೆ ವರ್ಷಕ್ಕೆ ಬೀಳುವ ಮಳೆ 500 ಮಿ.ಮೀ. ಆಸುಪಾಸು. ಬಿಸಿಲು, ಗಾಳಿ ಎರಡೂ ಸೇರಿ ಆವಿಯಾಗಿ ಎತ್ತಬಲ್ಲ ನೀರು ಅದರ ಮೂರರಷ್ಟಾದರೂ ಇದೆ. ಬರುವುದಕ್ಕಿಂತ ಹೋಗುವ ದಾರಿ ದೊಡ್ಡದಿರುವ ಈ ಸೀಮೆಯಲ್ಲಿ ಕುಡುಗೋಲಿನ ಲೆಕ್ಕವೇ ದೊಡ್ಡದು ಅನ್ನುವುದು ನನ್ನ ಅಭಿಪ್ರಾಯ. ದೊಡ್ಡವ್ವನ ಎದುರು ಮಾತ್ರ ಒಪ್ಪಿಕೊಂಡಿಲ್ಲ.

ಅವಳಿಗೆ ನನ್ನ ಡಬ್ಬಿಯ ಮೇಲೆ ಇನ್ನೊಂದು ಅನುಮಾನ. ಅದು ಅವಳ ನುಗ್ಗೆ ಮರದ ಪಕ್ಕಕ್ಕಿದೆ. ಮಾಪಕವನ್ನು ಮರವೋ ಗೋಡೆಯೋ ಹತ್ತಿರವಿದ್ದರೆ ಅದರ ಎತ್ತರದ ಎರಡರಷ್ಟು ದೂರದಲ್ಲಾದರೂ ನೆಡಬೇಕು ಅಂತ ನಿಯಮ. ಆ ಲೆಕ್ಕದಲ್ಲಿ ಒಂದೋ ನಾನು ಡಬ್ಬಿಯನ್ನು ಬೀದಿಗೆ ಒಯ್ಯಬೇಕು, ಇಲ್ಲವೇ ದೊಡ್ಡವ್ವ ಮರ ಕಡಿಯಬೇಕು. ಎರಡನೆಯದನ್ನು ಒಮ್ಮೆ ಬಾಯಿಬಿಟ್ಟು ಕೇಳಿದ್ದಕ್ಕೆ ಒಂದು ವಾರ ನುಗ್ಗೆಕಾಯಿ ಬರಲಿಲ್ಲ.

ಇಲ್ಲಿಯ ಮಳೆ ಬೇಲಿ ನೋಡಿಕೊಂಡೇ ಬೀಳುತ್ತದೆ. ಆಷಾಢ ಕಳೆದು ಗಾಳಿ ನಿಂತ ಮೇಲೆ ಬರುವುದೆಲ್ಲ ಗುಡುಗಿನ ಮಳೆ. ಮಧ್ಯಾಹ್ನದವರೆಗೆ ಕಾದ ನೆಲದಿಂದ ಬಿಸಿಗಾಳಿ ನೆಟ್ಟಗೆ ಮೇಲೇರಿ ಅಲ್ಲೊಂದು ಇಲ್ಲೊಂದು ಮೋಡ ಕಟ್ಟುತ್ತದೆ. ಕಟ್ಟಿದ ಮೋಡ ಕೆಲವೇ ಕಿಲೋಮೀಟರ್ ಅಗಲದಷ್ಟು ಜಾಗದಲ್ಲಿ ಇದ್ದದ್ದನ್ನೆಲ್ಲ ಸುರಿದು ಖಾಲಿಯಾಗುತ್ತದೆ. ಹಾಗಾಗಿ ರಸ್ತೆಯ ಆ ಬದಿ ಕೆಸರು, ಈ ಬದಿ ದೂಳು. ದೊಡ್ಡವ್ವನ ಹೊಲ ಊರ ಮೂಡಲಿಗೆ, ನಮ್ಮದು ಪಡುವಲಿಗೆ, ಮಧ್ಯೆ ಒಂದು ಮೊರಡಿ. ಅವಳ ಹೊಲದಲ್ಲಿ ಬದು ಒಡೆದ ದಿನ ನಮ್ಮಲ್ಲಿ ಎತ್ತಿನ ಗೊರಸಿಗೆ ಮಣ್ಣು ಮೆತ್ತಿರುವುದಿಲ್ಲ. "ಪುಣ್ಯ ಬೇಕಪ್ಪ" ಅಂತ ಅವಳು. ಮುಂದಿನ ವಾರ ನಮ್ಮ ಕಡೆ ಹೊಡೆದು ಅವಳ ಕಡೆ ತಪ್ಪಿದರೆ ಪುಣ್ಯದ ಸುದ್ದಿ ಇಲ್ಲ. "ಮಳೆಗೇನು ಕಣ್ಣೈತಾ" ಅನ್ನುತ್ತಾಳೆ.

ಈಗ ಪಂಚಾಯಿತಿಗೊಂದು ಮಾಪಕ ಬಂದಿದೆ. ರಾಜ್ಯದಲ್ಲಿ 1988ರಲ್ಲಿ ಬರ ನಿಗಾ ಘಟಕ ಅಂತ ಶುರುವಾಗಿ ಮುಂದೆ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾದ ಸಂಸ್ಥೆ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ತಾನಾಗಿ ಅಳೆದು ತಾನಾಗಿ ಸುದ್ದಿ ಕಳಿಸುವ ಯಂತ್ರ ಕೂರಿಸಿದೆ. ಇಂಥ ಯಂತ್ರದ ಒಳಗೆ ಬೆನ್ನಿಗೆ ಬೆನ್ನು ಕೊಟ್ಟ ಎರಡು ಪುಟಾಣಿ ಬಟ್ಟಲು ಇರುತ್ತವೆ. ಒಂದು ತುಂಬಿದರೆ ಬಗ್ಗಿ ನೀರು ಚೆಲ್ಲಿ ಇನ್ನೊಂದನ್ನು ಮೇಲೆತ್ತುತ್ತದೆ, ಬಗ್ಗಿದ್ದನ್ನೆಲ್ಲ ಯಂತ್ರ ಎಣಿಸುತ್ತದೆ. ಚೊಕ್ಕ ಕೆಲಸ. ತಕರಾರು ಏನೆಂದರೆ ಯಂತ್ರ ಒಂದು, ಪಂಚಾಯಿತಿಗೆ ಸೇರಿದ ಊರು ನಾಲ್ಕಾರು, ಮಳೆ ಅವುಗಳಲ್ಲಿ ಒಂದಕ್ಕೆ. ದಾಳಿಂಬೆಯಂಥ ತೋಟದ ಬೆಳೆಗೆ ಹವಾಮಾನ ನೋಡಿ ಕೊಡುವ ವಿಮೆ ಇದೆ. ಅದಕ್ಕೆ ಯಂತ್ರದ ಅಂಕಿಯೇ ಸಾಕ್ಷಿ. ಯಂತ್ರದ ತಲೆಯ ಮೇಲೆ ಸುರಿದು ನಿಮ್ಮ ತೋಟದ ಮೇಲೆ ಸುರಿಯದಿದ್ದರೆ, ಕಾಗದದ ಪ್ರಕಾರ ನಿಮ್ಮ ಗಿಡ ನೆನೆದಿದೆ. ಇನ್ನು 'ಮಳೆ ದಿನ' ಅನ್ನಿಸಿಕೊಳ್ಳಬೇಕಾದರೆ ಆ ದಿನ 2.5 ಮಿ.ಮೀ. ಆದರೂ ಬೀಳಬೇಕು ಅನ್ನುವುದು ಇಲಾಖೆಯ ಕಟ್ಟಳೆ. ಅದಕ್ಕಿಂತ ಕಡಿಮೆಯಾದರೆ ಮಳೆ ಬಂದರೂ ಬಂದಂತೆ ಅಲ್ಲ. ಇದೊಂದನ್ನು ಮಾತ್ರ ದೊಡ್ಡವ್ವ ಕೂಡಲೇ ಒಪ್ಪಿದಳು. "ಎಲ್ಡು ಹನಿ ಉದುರ್ಸಿ ಒಣಾಕಿದ ಸಂಡಿಗೆ ಕೆಡ್ಸೋದು ಮಳೇನಾ?"

ನಮ್ಮ ಚಿತ್ರದುರ್ಗ ಜಿಲ್ಲೆಗೆ ಕಡಲಿಲ್ಲ. ಚಳ್ಳಕೆರೆಯಿಂದ ಹದ್ದು ಹಾರಿದ ಹಾಗೆ ನೆಟ್ಟಗೆ ಪಡುವಣಕ್ಕೆ ಹೋದರೆ ಸುಮಾರು 240 ಕಿ.ಮೀ.ಗೆ ಅರಬ್ಬೀ ಸಮುದ್ರ, ಮೂಡಣಕ್ಕೆ ಹೋದರೆ 400 ಕಿ.ಮೀ. ಹತ್ತಿರ ಬಂಗಾಳಕೊಲ್ಲಿ. ಎರಡೂ ಕಡೆಯಿಂದ ಮಳೆ ಬರುವ ದಾರಿ ಇದೆ, ಎರಡೂ ಕಡೆಯವರು ಮೊದಲು ತಮ್ಮ ಮನೆಯವರಿಗೆ ಬಡಿಸುತ್ತಾರೆ. ಎರಡು ಮನೆ ನೆಂಟ ಉಪವಾಸ ಅನ್ನುವ ಮಾತು ನಮ್ಮನ್ನು ನೋಡಿಯೇ ಹುಟ್ಟಿರಬೇಕು.

ಪಡುವಣದ ನೆಂಟಸ್ತಿಕೆ ಎಂಥದು ನೋಡಿ. ಜೂನ್ ಬಂತೆಂದರೆ ಅರಬ್ಬೀ ಸಮುದ್ರದ ಮೇಲಿಂದ ನೀರು ತುಂಬಿದ ಗಾಳಿ ಬಂದು ಪಶ್ಚಿಮ ಘಟ್ಟಕ್ಕೆ ಡಿಕ್ಕಿ ಹೊಡೆಯುತ್ತದೆ. ಮುಂದೆ ಹೋಗಲು ಮೇಲೇರಲೇಬೇಕು. ಏರಿದರೆ ತಣ್ಣಗಾಗುತ್ತದೆ, ತಣ್ಣಗಾದರೆ ಹೊತ್ತ ನೀರನ್ನು ಹಿಡಿದಿಡಲಾರದು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟಿ ಸುರಿಯುವುದು ಹೀಗೆ. ಘಟ್ಟ ಹತ್ತಿ ಇತ್ತ ಇಳಿಯುವ ಗಾಳಿಗೆ ಭಾರವೂ ಇಲ್ಲ, ತಂಪೂ ಇಲ್ಲ. ಇಳಿಯುವಾಗ ಒತ್ತಡ ಹೆಚ್ಚಿ ಪ್ರತಿ 100 ಮೀಟರಿಗೆ ಒಂದು ಡಿಗ್ರಿಯಷ್ಟು ಬಿಸಿಯೇರುತ್ತದೆ. ಬಿಸಿಯೇರಿದ ಗಾಳಿ ಮೋಡ ಕರಗಿಸುತ್ತದೆಯೇ ಹೊರತು ಮಳೆ ಸುರಿಸುವುದಿಲ್ಲ. ಇದನ್ನು ಪುಸ್ತಕದಲ್ಲಿ ಮಳೆ ನೆರಳು ಅನ್ನುತ್ತಾರೆ. ಆಗುಂಬೆಗೂ ನಮಗೂ ಇರುವ ದೂರಕ್ಕೆ ಬಸ್ಸಿನಲ್ಲಿ ಒಂದು ಹಗಲು ಸಾಕು. ಮಳೆಯಲ್ಲಿ ಅದರ ಹದಿನಾಲ್ಕನೇ ಒಂದು ಪಾಲು ನಮಗೆ.

ಜೂನ್-ಜುಲೈನಲ್ಲಿ ಊರಿಗೆ ಬಂದ ಹೊಸಬರು ಆಕಾಶ ನೋಡಿ ಕೊಡೆ ಹುಡುಕುತ್ತಾರೆ. ಕಪ್ಪನೆ ಮೋಡ ತಲೆಯ ಮೇಲೆ ದಂಡು ದಂಡಾಗಿ ಓಡುತ್ತಿರುತ್ತವೆ. ನಿಲ್ಲುವುದಿಲ್ಲ. ಯಾರಿಗೋ ಕೊಡಬೇಕಾದ್ದನ್ನು ತಲುಪಿಸುವ ಅವಸರ. ದಿನವಿಡೀ ಗಾಳಿ. ಹೆಂಚಿನ ಸಂದಿಯಲ್ಲಿ ಸಿಳ್ಳೆ, ಕಣ್ಣಿಗೆ ಕಸ, ಒಣಗಿಹಾಕಿದ ಸೀರೆ ಕಳ್ಳಿ ಬೇಲಿಯ ಮುಳ್ಳಲ್ಲಿ. ದುರ್ಗದ ಜೋಗಿಮಟ್ಟಿ ಬೆಟ್ಟದ ಸಾಲಿನಲ್ಲಿ ಗಾಳಿಯಂತ್ರ ನೆಟ್ಟವರಿಗೆ ಇದೇ ಸುಗ್ಗಿ. ಮಳೆ ತರಬೇಕಾದ ಗಾಳಿ ಮಳೆ ಬಿಟ್ಟು ಬಂದು ಕರೆಂಟು ಮಾಡುತ್ತದೆ. ದೊಡ್ಡವ್ವನ ಪ್ರಶ್ನೆ ಸರಳವಾಗಿದೆ. "ಆ ರೆಕ್ಕೆ ತಿರುಗ್ಸಿ ತಿರುಗ್ಸಿ ಮೋಡ ಓಡಿಸ್ತಾವಂತಲ್ಲ, ನಿಜಾನಾ?" ಯಂತ್ರ ಬರುವುದಕ್ಕೆ ಮೊದಲೂ ಮೋಡ ಓಡುತ್ತಲೇ ಇದ್ದವಲ್ಲ ಅಂದೆ. "ಅವಾಗ ನಿಧಾನಕ್ಕೆ ಓಡ್ತಿದ್ವು" ಅಂದಳು. ಈ ವಾದಕ್ಕೆ ಎದುರು ವಾದ ಇಲ್ಲ.

ಹೀಗೆಂದು ಇಲ್ಲಿಯ ಹವೆ ಬರೀ ಶಾಪ ಅಂದುಕೊಳ್ಳಬೇಡಿ. ಚಳ್ಳಕೆರೆ ಸಮುದ್ರ ಮಟ್ಟದಿಂದ ಸುಮಾರು 585 ಮೀಟರ್ ಮೇಲಿದೆ, ದುರ್ಗ 732 ಮೀಟರ್. ಏಪ್ರಿಲ್‌ನಲ್ಲಿ ಬಿಸಿಲು 38 ಡಿಗ್ರಿ ದಾಟಿದರೂ ಬೇವಿನ ಮರದ ಕೆಳಗೆ ಹೋದರೆ ಜೀವ ತಣ್ಣಗಾಗುತ್ತದೆ, ರಾತ್ರಿ ಅಂಗಳದಲ್ಲಿ ಈಚಲು ಚಾಪೆ ಹಾಸಿದರೆ ಬೆಳಗಿನ ಜಾವಕ್ಕೆ ಹೊದಿಕೆ ಬೇಕು. ಮಂಗಳೂರಿನಲ್ಲಿ 33 ಡಿಗ್ರಿಗೇ ಸ್ನಾನ ಮಾಡಿ ಬಂದವನು ಒರೆಸಿಕೊಳ್ಳುವಷ್ಟರಲ್ಲಿ ಮತ್ತೆ ಸ್ನಾನಕ್ಕೆ ಹೋಗಬೇಕು. ಗಾಳಿಯಲ್ಲಿ ತೇವ ತುಂಬಿರುವಲ್ಲಿ ಬೆವರು ಆರುವುದಿಲ್ಲ. ನಮ್ಮ ಗಾಳಿ ಒಣಗಾಳಿ. ಬೆವರು ಬಂದದ್ದೇ ಗೊತ್ತಾಗದಂತೆ ಆರುತ್ತದೆ, ಹೊಸ ಮಡಕೆಯ ನೀರು ಹಲ್ಲು ಜುಮ್ಮೆನ್ನುವಷ್ಟು ತಣ್ಣಗಾಗುತ್ತದೆ. ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ ನಮ್ಮಲ್ಲಿ ಒಣಗಿದ ಹಾಗೆ ಕರಾವಳಿಯಲ್ಲಿ ಒಣಗಲಿ ನೋಡೋಣ. ದೊಡ್ಡವ್ವನ ಮಗಳು ಮಂಗಳೂರಿನಲ್ಲಿದ್ದಾಳೆ. ಅಲ್ಲಿಗೆ ವರ್ಷವರ್ಷವೂ ಹೋಗುವ ಸಂಡಿಗೆ ಡಬ್ಬಕ್ಕೆ ಕಾರಣ ತಾಯಿ ಪ್ರೀತಿಯೂ ಹೌದು, ಹವಾಗುಣವೂ ಹೌದು.

ಮಳೆಗೆ ದೊಡ್ಡವ್ವನ ಲೆಕ್ಕ ತಿಂಗಳಲ್ಲಿ ಇಲ್ಲ, ನಕ್ಷತ್ರದಲ್ಲಿದೆ. ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ ಅಂತ ಒಂದೊಂದಕ್ಕೂ ಹದಿಮೂರು ಹದಿನಾಲ್ಕು ದಿನ. ಸೂರ್ಯ ಒಂದು ವರ್ಷದಲ್ಲಿ 27 ನಕ್ಷತ್ರ ದಾಟುತ್ತಾನಾದ್ದರಿಂದ ಒಂದೊಂದರ ಪಾಲಿಗೆ ಹದಿಮೂರೂವರೆ ದಿನ ಬೀಳುತ್ತದೆ. ಹಬ್ಬಗಳ ಹಾಗೆ ಇವು ಹಿಂದೆ ಮುಂದೆ ಓಡಾಡುವುದಿಲ್ಲ. ಏಪ್ರಿಲ್ ಕಡೆಗೆ ಭರಣಿ, ಜೂನ್ 22ರ ಸುಮಾರಿಗೆ ಆರಿದ್ರೆ, ಆಗಸ್ಟ್ ನಡುವಿಗೆ ಮಖೆ, ಸೆಪ್ಟೆಂಬರ್ ನಡುವಿಗೆ ಉತ್ತರೆ. ಓದು ಬರಹ ಇಲ್ಲದ ದೊಡ್ಡವ್ವ ಇವನ್ನು ಬೆರಳ ಗೆಣ್ಣಿನಲ್ಲಿ ಎಣಿಸುತ್ತಾಳೆ. ಪ್ರತಿಯೊಂದಕ್ಕೂ ಒಂದು ಗಾದೆ ಇದೆ. ಭರಣಿ ಮಳೆ ಬಂದರೆ ಧರಣಿಯೆಲ್ಲಾ ಬೆಳೆ. ಆರಿದ್ರೆ ಬಂದರೆ ದರಿದ್ರ ಹೋಯ್ತು. ಮಖೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು.

ಇಲ್ಲಿ ನಾನೊಂದು ಮೇಷ್ಟರ ಬುದ್ಧಿ ತೋರಿಸಿದೆ. ನಮ್ಮ ಪಂಚಾಂಗದ ವರ್ಷ ನಕ್ಷತ್ರಗಳನ್ನು ನೋಡಿಕೊಂಡು ನಡೆಯುತ್ತದೆ. ಮಳೆಗಾಲ, ಚಳಿಗಾಲ ನಡೆಯುವುದು ಸೂರ್ಯ ಉತ್ತರಕ್ಕೂ ದಕ್ಷಿಣಕ್ಕೂ ವಾಲುವ ಲೆಕ್ಕದಲ್ಲಿ. ಈ ಎರಡು ವರ್ಷಗಳಿಗೆ ಇಪ್ಪತ್ತು ನಿಮಿಷದ ವ್ಯತ್ಯಾಸ. ಇಪ್ಪತ್ತು ನಿಮಿಷ ಏನು ಮಹಾ ಅನ್ನಬೇಡಿ, ಎಪ್ಪತ್ತು ವರ್ಷ ಕಳೆದರೆ ಅದು ಒಂದು ದಿನ, ಸಾವಿರ ವರ್ಷಕ್ಕೆ ಹದಿನಾಲ್ಕು ದಿನ. ಅಂದರೆ ಒಂದು ಪೂರ್ತಿ ನಕ್ಷತ್ರ. ಗಾದೆ ಸಾವಿರ ವರ್ಷದ ಹಳತು ಅಂತ ಇಟ್ಟುಕೊಂಡರೆ, ಅದನ್ನು ಕಟ್ಟಿದವನು ಭರಣಿ ಅಂದದ್ದು ಈಗ ನಾವು ಅಶ್ವಿನಿ ಅನ್ನುವ ಮಳೆಯನ್ನು. ಇದನ್ನೆಲ್ಲ ಕಳ್ಳಿ ಬೇಲಿಯ ಮೇಲೆ ಕಡ್ಡಿ ಇಟ್ಟು, ಇದು ಸೂರ್ಯ, ಇದು ಭೂಮಿ ಅಂತ ತೋರಿಸಿ ಹೇಳಿದೆ. ದೊಡ್ಡವ್ವ ಕಡ್ಡಿಯನ್ನೂ ನನ್ನನ್ನೂ ನೋಡಿದಳು.

"ನಕ್ಷತ್ರ ಜಾರಿದ್ರೆ ಜಾರ್ಲಿ ಬಿಡಪ್ಪ. ಮಳೆ ಜಾರ್ದಂಗೆ ಏನಾದ್ರೂ ಕಡ್ಡಿ ಐತಾ?"

ಅವಳ ಆತಂಕ ಶೇಂಗಾದ್ದು. ಈ ಸೀಮೆಯ ಹಣೆಬರಹ ಬರೆಯುವ ಬೆಳೆ ಅದು. ಚಳ್ಳಕೆರೆ ಎಣ್ಣೆ ಗಿರಣಿಗಳ ಊರಾದದ್ದು ಅದರಿಂದಲೇ. ಜೂನ್ ಕಡೆಗೋ ಜುಲೈನಲ್ಲೋ ಹದ ಸಿಕ್ಕಿದರೆ ಕೂರಿಗೆ ಹೂಡುತ್ತಾರೆ. ತಿಂಗಳೊಳಗೆ ಹಳದಿ ಹೂವು. ಆಮೇಲಿನದೇ ಈ ಗಿಡದ ವಿಚಿತ್ರ. ಹೂವು ಬಾಡಿದ ಮೇಲೆ ಅದರ ಬುಡದಿಂದ ದಾರದಂಥ ಒಂದು ಎಳೆ ಹೊರಟು, ತಲೆ ಬಗ್ಗಿಸಿ, ನೆಲ ಹುಡುಕಿಕೊಂಡು ಇಳಿಯುತ್ತದೆ. ಮಣ್ಣೊಳಗೆ ಹೊಕ್ಕರೆ ಅದರ ತುದಿ ಊದಿ ಕಾಯಿ. ಹೊಗದಿದ್ದರೆ ಅಲ್ಲೇ ಕಪ್ಪಾಗಿ ಒಣಗುತ್ತದೆ. ಅದಕ್ಕೆ ಮಣ್ಣು ಮೆತ್ತಗಿರಬೇಕು. ಮಸಾರಿ ನೆಲ ಹಸಿ ಇದ್ದಾಗ ಬೆಣ್ಣೆ, ಒಣಗಿದರೆ ಹಂಚು. ಒಂದು ಸಲ ದೊಡ್ಡವ್ವ ಹೊಲದಿಂದ ಒಂದು ಗಿಡ ಕಿತ್ತು ತಂದು ಬೇಲಿಯ ಮೇಲಿಂದ ಕೊಟ್ಟಳು. ಗಿಡ ಹಸಿರಾಗಿ ಸೊಂಪಾಗಿತ್ತು, ರಸ್ತೆಯಿಂದ ನೋಡಿದವರು ಬಂಪರ್ ಬೆಳೆ ಅನ್ನಬೇಕು. ತಿರುಗಿಸಿ ನೋಡಿದರೆ ಎಳೆಗಳೆಲ್ಲ ನೆಲ ಮುಟ್ಟಿದಲ್ಲಿಗೇ ಮೊಂಡಾಗಿ, ಸೂಜಿಯ ಮುರಿದ ಮೊನೆಗಳ ಹಾಗೆ ನಿಂತಿದ್ದವು. ಬುಡಕ್ಕೆ ಎರಡೇ ಕಾಯಿ. ಮಖೆ, ಪುಬ್ಬೆ ಎರಡೂ ಕೈಕೊಟ್ಟ ವರ್ಷ ಅದು. ಆ ಹೊತ್ತಿಗೆ ಒಂದು ಹದ ಮಳೆ ಬಿದ್ದಿದ್ದರೆ ಸಾಕಿತ್ತು. ಅದು ಬಂದದ್ದು ಅಕ್ಟೋಬರಿನಲ್ಲಿ.

ನಮ್ಮ ಕಡೆ ಮಳೆ ಹೆಚ್ಚು ಬೀಳುವ ತಿಂಗಳುಗಳೇ ಸೆಪ್ಟೆಂಬರ್, ಅಕ್ಟೋಬರ್. ಪಡುವಣ ಗಾಳಿಯ ಜೋರು ತಗ್ಗಿ, ಬಂಗಾಳಕೊಲ್ಲಿಯ ತೇವ ಒಳನಾಡಿಗೆ ಬರತೊಡಗಿದಾಗ ಸಂಜೆ ಗುಡುಗು ಶುರು. ಒಳ್ಳೆಯ ವರ್ಷದಲ್ಲಿ ಅದು ಕೆರೆ ತುಂಬಿಸುತ್ತದೆ. ಕೆಟ್ಟ ವರ್ಷದಲ್ಲಿ ಸರಿಯಾಗಿ ಶೇಂಗಾ ಕೀಳುವ ಹೊತ್ತಿಗೆ ಬಂದು ಕೂರುತ್ತದೆ. ಇಲ್ಲಿ ಬಹುಕಾಲದಿಂದ ಬಿತ್ತುತ್ತಿರುವ ಟಿಎಂವಿ-2 ತಳಿಯ ಕಾಯಿಗೆ ಬಲಿತ ಮೇಲೆ ತಡೆದುಕೊಳ್ಳುವ ಗುಣವಿಲ್ಲ, ಹಸಿ ತಾಗಿದರೆ ನೆಲದೊಳಗೇ ಮೊಳಕೆ ಒಡೆಯುತ್ತದೆ. ಬೇಕಾದಾಗ ಬರದೆ ಬೇಡವಾದಾಗ ಬಂದ ಮಳೆಯನ್ನೂ ಸೇರಿಸಿ ವರ್ಷದ ಕೊನೆಗೆ ಕೂಡಿ ಕಳೆದು ನೋಡಿದರೆ ನನ್ನ ಕ್ಯಾಲೆಂಡರ್ ಬೆನ್ನಿನ ಲೆಕ್ಕ 'ವಾಡಿಕೆ ಮಳೆ' ಅನ್ನುತ್ತದೆ. ದೊಡ್ಡವ್ವನ ಅಟ್ಟದ ಲೆಕ್ಕ ಬರ ಅನ್ನುತ್ತದೆ. ಸರಾಸರಿ ಅನ್ನುವ ಪದವನ್ನು ನಾನು ಮೂವತ್ತು ವರ್ಷ ಗಣಿತದಲ್ಲಿ ಹೇಳಿಕೊಟ್ಟೆ. ಅದು ಎಷ್ಟು ಸುಳ್ಳು ಹೇಳಬಲ್ಲದು ಅನ್ನುವುದನ್ನು ಪಠ್ಯದಲ್ಲಿ ಸೇರಿಸಿಲ್ಲ.

ಹಳಬರು ಶೇಂಗಾ ಒಂದನ್ನೇ ನೆಚ್ಚಿರಲಿಲ್ಲ. ಸಜ್ಜೆ, ನವಣೆ, ಸಾವೆ, ಹುರುಳಿ, ಅಕ್ಕಡಿ ಸಾಲಿನಲ್ಲಿ ತೊಗರಿ. ಒಂದು ಮಳೆಗೆ ಒಂದು ಹೋದರೂ ಇನ್ನೊಂದು ಮಳೆಗೆ ಇನ್ನೊಂದು ನಿಲ್ಲುತ್ತಿತ್ತು. ಈ ಮಾತು ಎತ್ತಿದರೆ ದೊಡ್ಡವ್ವನಿಗೇ ಸಿಟ್ಟು. "ಸಾವೆ ಕುಟ್ಟಿ ಕುಟ್ಟಿ ರಟ್ಟೆ ಬಿದ್ದೋಗಿದ್ದು ನನ್ದು, ನಿಂದಲ್ಲ." ಈಗ ಪೇಟೆಯಲ್ಲಿ ಸಿರಿಧಾನ್ಯ ಅಂತ ಹೆಸರಿಟ್ಟು ಅದನ್ನೇ ದುಬಾರಿ ಬೆಲೆಗೆ ಮಾರುತ್ತಾರೆ ಅಂದರೆ ನಗುತ್ತಾಳೆ.

2023ರ ಆಗಸ್ಟ್ ನೆನಪಿರಬೇಕಲ್ಲ? ದೇಶದಲ್ಲಿ 1901ರಿಂದ ಈಚೆಗೆ ಅಷ್ಟು ಒಣ ಆಗಸ್ಟ್ ಇರಲಿಲ್ಲ. ಪೆಸಿಫಿಕ್ ಸಾಗರದ ನೀರು ಬಿಸಿಯಾಗಿ ಎಲ್ ನಿನೊ ಅಂತ ಪತ್ರಿಕೆಯಲ್ಲೆಲ್ಲ ಅದೇ ಸುದ್ದಿ. ರಾಜ್ಯದ 236 ತಾಲ್ಲೂಕಿನಲ್ಲಿ 223 ಬರಪೀಡಿತ ಅಂತ ಸರ್ಕಾರ ಘೋಷಿಸಿತು. ಸಮುದ್ರವೇ ಇಲ್ಲದ ಜಿಲ್ಲೆಯ ಬೆಳೆ ಎಲ್ಲಿಯದೋ ಸಮುದ್ರ ಬಿಸಿಯಾದದ್ದಕ್ಕೆ ಒಣಗುತ್ತದೆ ಅಂದರೆ ದೊಡ್ಡವ್ವ ನಂಬಲಿಲ್ಲ. ಅವಳ ಪ್ರಕಾರ ಊರಲ್ಲಿ ತಿಂಗಳ ಮಾವನ ಪೂಜೆ ಬಿಟ್ಟದ್ದೇ ಕಾರಣ. ಬೆಳದಿಂಗಳಲ್ಲಿ ಹುಡುಗರು ಮನೆಮನೆಗೆ ಹೋಗಿ ಕಾಳು ಎತ್ತಿ, ಚಂದ್ರನನ್ನು ಬರೆದು, ಮಳೆ ಬೇಡುತ್ತಿದ್ದ ಪೂಜೆ. ಈಗ ಹುಡುಗರಿಗೆ ಮೊಬೈಲ್ ಬೆಳಕೇ ಸಾಕು.

ಆ ವರ್ಷ ಹೆಚ್ಚು ನೊಂದದ್ದು ದನ. ಈ ಕಡೆಯ ಮ್ಯಾಸಬೇಡರ ಹಟ್ಟಿಗಳಲ್ಲಿ ದೇವರ ಎತ್ತುಗಳಿವೆ. ಅವಕ್ಕೆ ನೊಗ ಹೂಡುವಂತಿಲ್ಲ. ಕಿಲಾರಿಗಳು ಅವನ್ನು ಕಾವಲಿನಲ್ಲಿ ಮೇಯಿಸಿಕೊಂಡು ಅವುಗಳ ಜೊತೆಗೇ ಬದುಕುತ್ತಾರೆ. ಅಂಥ ಕಾವಲುಗಳಲ್ಲಿ ಸಾವಿರಾರು ಎಕರೆ ಈಗ ದೊಡ್ಡ ದೊಡ್ಡ ಸಂಸ್ಥೆಗಳ ಕಾಂಪೌಂಡಿನ ಒಳಗಿದೆ. ಕುದಾಪುರದ ಬಳಿ ಭಾರತೀಯ ವಿಜ್ಞಾನ ಸಂಸ್ಥೆಯವರ ಆವರಣದಲ್ಲಿ ಹವೆಯನ್ನೇ ಅಳೆದು ಅಧ್ಯಯನ ಮಾಡುವ ವ್ಯವಸ್ಥೆಯೂ ಇದೆ. ಮಾಪಕ ಇಟ್ಟುಕೊಂಡವನಾಗಿ ನನಗೆ ಅದರ ಮೇಲೆ ಗೌರವವೇ. ಆದರೆ ಹುಲ್ಲಿಗೆ ಬೇಲಿ ಬಿದ್ದ ಮೇಲೆ, ಮಳೆ ತಪ್ಪಿದ ವರ್ಷ ಎತ್ತುಗಳಿಗೆ ಉಳಿದದ್ದು ಗೋಶಾಲೆಯ ಒಣ ಮೇವು.

ನೀರಿನ ವಿಚಾರದಲ್ಲಿ ದುರ್ಗದ ಪಾಳೇಗಾರರ ಬುದ್ಧಿಗೆ ಕೈ ಮುಗಿಯಬೇಕು. ಕಲ್ಲಿನ ಕೋಟೆಯ ನೆತ್ತಿಯ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡಕ್ಕೆ, ಅದು ತುಂಬಿ ಹೆಚ್ಚಾದದ್ದು ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಇಳಿದು ಊರೊಳಗಿನ ಸಂತೆ ಹೊಂಡದವರೆಗೆ. ಬಂಡೆ ನೀರು ಕುಡಿಯುವುದಿಲ್ಲ ಅನ್ನುವುದನ್ನೇ ಅನುಕೂಲ ಮಾಡಿಕೊಂಡವರು. ಒನಕೆ ಓಬವ್ವನ ಕಥೆಯೂ ನೀರಿಂದಲೇ ಅಲ್ಲವೇ ಶುರುವಾಗುವುದು? ಕಾವಲಿನ ಗಂಡ ಊಟಕ್ಕೆ ಕೂತಾಗ ನೀರು ತರಲು ಹೋದವಳಿಗೆ ಕಿಂಡಿಯ ಬಳಿ ಸದ್ದು ಕೇಳಿಸಿದ್ದು. ಮನೆಯಲ್ಲಿ ನೀರು ತುಂಬಿದ್ದರೆ ಹೈದರಾಲಿಯ ಸೈನಿಕರು ಒಳಗೆ ಬಂದಿರುತ್ತಿದ್ದರು. ಇದು ನನ್ನ ಸಂಶೋಧನೆಯಲ್ಲ, ದೊಡ್ಡವ್ವನದು. ನೀರು ಹೊರುವವರಿಗೆ ಮಾತ್ರ ಹೊಳೆಯುವಂಥದ್ದು.

ಇನ್ನು ಮಾರಿಕಣಿವೆ. ಹಿರಿಯೂರು ತಾಲ್ಲೂಕಿನಲ್ಲಿ ವೇದಾವತಿಗೆ ಅಡ್ಡವಾಗಿ ಮೈಸೂರು ಅರಸರ ಕಾಲದಲ್ಲಿ 1898ರಲ್ಲಿ ಶುರು ಮಾಡಿ 1907ರ ಹೊತ್ತಿಗೆ ಮುಗಿಸಿದ ವಾಣಿವಿಲಾಸ ಸಾಗರ. 130 ಅಡಿ, 30 ಟಿಎಂಸಿ. ಅದು ಕೋಡಿ ಬಿದ್ದದ್ದು 1933ರಲ್ಲಿ, ಆಮೇಲೆ 2022ರ ಸೆಪ್ಟೆಂಬರ್‌ನಲ್ಲಿ. ನಡುವೆ 89 ವರ್ಷ. ದೊಡ್ಡವ್ವನ ಅತ್ತೆ ಹೇಳುತ್ತಿದ್ದ ಕೋಡಿಯ ಕಥೆಯನ್ನು ದೊಡ್ಡವ್ವ ಸುಳ್ಳೆಂದೇ ತಿಳಿದಿದ್ದಳಂತೆ. 2022ರಲ್ಲಿ ಟ್ರ್ಯಾಕ್ಟರ್, ಟಾಟಾ ಏಸ್, ಬಾಡಿಗೆ ಬಸ್ಸು, ಸಿಕ್ಕ ಸಿಕ್ಕ ಗಾಡಿ ಹತ್ತಿ ಜನ ನೀರು ನೋಡಲು ಹೋದರು. ಜಾತ್ರೆಗೆ ಹೋದ ಹಾಗೆ ಬುತ್ತಿ ಕಟ್ಟಿಕೊಂಡು, ಮಂಡಕ್ಕಿ ತಿನ್ನುತ್ತಾ. ದೊಡ್ಡವ್ವನೂ ಹೋಗಿದ್ದಳು. ಬಂದು ಬೇಲಿಯ ಹತ್ತಿರ ನಿಂತು ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಅಂದದ್ದು, "ಅಷ್ಟು ನೀರು ಹಂಗೇ ಹೋಗ್ತೈತಲ್ಲೋ, ಯಾರಿಗೂ ಕೇಳ್ದೆ!" 2025ರ ಜನವರಿಯಲ್ಲಿ ಮತ್ತೆ ಕೋಡಿ ಹರಿದಾಗ ಮಾತ್ರ ಅಷ್ಟು ಬೆರಗಿರಲಿಲ್ಲ, ಕಾಲು ನೋವು ಅಂತ ಹೋಗಲೂ ಇಲ್ಲ.

ಆ ನೀರು ನಮ್ಮ ಮಳೆಯದಲ್ಲ ಅನ್ನುವುದನ್ನು ನಾನು ಹೇಳಬಾರದಿತ್ತು, ಹೇಳಿದೆ. ವೇದಾವತಿ ಹುಟ್ಟುವುದು ಬಾಬಾಬುಡನ್ ಗಿರಿಯ ಕಡೆ, ಜಲಾಶಯ ತುಂಬುವುದು ಚಿಕ್ಕಮಗಳೂರು ಸೀಮೆಯಲ್ಲಿ ಹುಯ್ದರೆ. ಈಗೀಗ ಭದ್ರಾ ನೀರನ್ನೂ ಎತ್ತಿ ಬಿಡುತ್ತಾರೆ. ಭದ್ರಾ ಮೇಲ್ದಂಡೆ ಯೋಜನೆಗೆ 2023ರ ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ ಅಂತ ಓದಿದ್ದೂ ಆಯ್ತು, ಈ ಕಡೆಯ ಕೆರೆಗಳು ಕಾಯುತ್ತಿರುವುದೂ ಆಯ್ತು. ಅಂತೂ ಘಟ್ಟದಲ್ಲಿ ತಡೆದ ಮಳೆಯನ್ನೇ ಕಾಲುವೆಯಲ್ಲಿ ಕರೆತರುವ ಉಪಾಯ. "ಯಾರ್ ಮಳೆ ಆದ್ರೇನು, ನಮ್ ಕಣಿವೆಗೆ ಬಂದ್ಮ್ಯಾಲೆ ನಮ್ದೇ" ಅಂದಳು ದೊಡ್ಡವ್ವ. ಹೊಳೆ ನೀರಿನ ತಕರಾರು ತೀರಿಸುವ ನ್ಯಾಯಮಂಡಳಿಗಳಿಗೆ ಇಷ್ಟು ಸಲೀಸಾಗಿ ಹೊಳೆಯುವುದಿಲ್ಲ.

ಮೊನ್ನೆ ಮಂಗಳೂರಿನಿಂದ ದೊಡ್ಡವ್ವನ ಮೊಮ್ಮಗನ ಫೋನು. ಧೋ ಅಂತ ಮಳೆ, ಜಿಲ್ಲಾಧಿಕಾರಿಗಳು ಶಾಲೆಗೆ ರಜೆ ಕೊಟ್ಟಿದ್ದಾರೆ, ಅಜ್ಜಿ ನಿಮ್ಮೂರಲ್ಲೂ ರಜೆಯಾ ಅಂತ ಅವನ ಪ್ರಶ್ನೆ. ದೊಡ್ಡವ್ವ ಫೋನಿನ ಬಾಯಿಗೆ ಸೆರಗು ಅಡ್ಡ ಹಿಡಿದು, ಹುಡುಗ ತಮಾಷೆ ಮಾಡುತ್ತಿದ್ದಾನೋ ಏನೋ ಅಂತ ನನ್ನನ್ನು ಕೇಳಿದಳು.

"ಅಲ್ಲ ಮೇಷ್ಟ್ರೆ, ಮಳೆ ಬಂದ್ರೆ ಇಸ್ಕೂಲಿಗೆ ರಜ ಕೊಡ್ತಾರಾ?"

"ಅಲ್ಲಿ ಕೊಡ್ತಾರೆ ದೊಡ್ಡವ್ವ. ಹಳ್ಳ ಹೊಳೆ ತುಂಬ್ತಾವೆ, ಮಕ್ಕಳು ಹೋಗೋದು ಹೆಂಗೆ?"

"ಸರಿ ಬಿಡು. ಇಲ್ಲಿ ಮಳೆ ಬರ್ದೇ ಇದ್ದಾಗೆಲ್ಲ ರಜ ಕೊಟ್ಟಿದ್ರೆ ನಿಂಗೆ ಪಿಂಚಣಿನೇ ಬರ್ತಿರ್ಲಿಲ್ಲ" ಅಂದಳು, ಮತ್ತೆ ಫೋನಿಗೆ, "ಹೂಂ ಕಣಪ್ಪ, ಇಲ್ಲಿ ಮೋಡ ಐತೆ" ಅಂದಳು.